ಗರ್ಭಪಾತದ ಮಾತ್ರೆ: ನುಂಗುವ ಮೊದಲು ಆಗಬೇಕಾದ ತಪಾಸಣೆ

ಮುಟ್ಟು ನಿಂತಿದೆ, ಮನೆಯಲ್ಲೇ ಮಾಡಿಕೊಂಡ ಪರೀಕ್ಷೆಯಲ್ಲಿ ಎರಡು ಗೆರೆ ಬಂದಿದೆ. ಗಾಬರಿಯಲ್ಲಿ ಯಾರನ್ನೋ ಔಷಧ ಅಂಗಡಿಗೆ ಕಳಿಸಿ ‘ಕಿಟ್’ ತರಿಸಿ ನುಂಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೈಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಇರುವ ಈ ಕಿಟ್ ವೈದ್ಯರ ಉಸ್ತುವಾರಿಯಲ್ಲಿ ಸುರಕ್ಷಿತ. ಅಪಾಯ ಬರುವುದು ತಪಾಸಣೆ ತಪ್ಪಿಸಿದಾಗ.

ಮೊದಲು ದಿನ ಎಣಿಸಿ. ಗಂಡ ಹೆಂಡಿರು ಕೂಡಿದ ದಿನದಿಂದಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. ನಮ್ಮಲ್ಲಿ ಮಾತ್ರೆಗೆ ಅನುಮತಿ ಇರುವುದು 9 ವಾರ, ಅಂದರೆ 63 ದಿನಗಳವರೆಗೆ. ಅದು ದಾಟಿದ್ದರೆ ಆಸ್ಪತ್ರೆಯಲ್ಲಿ ಬೇರೆ ವಿಧಾನಗಳಿವೆ.

ಗರ್ಭ ಎಲ್ಲಿ ನಿಂತಿದೆ ಎಂಬುದು ಎಲ್ಲಕ್ಕಿಂತ ಮುಖ್ಯ. ಕೆಲವರಲ್ಲಿ ಅದು ಗರ್ಭಕೋಶದೊಳಗಲ್ಲದೆ ಅಂಡನಾಳದಲ್ಲಿ ಬೆಳೆಯುತ್ತದೆ. ಮೂತ್ರ ಪರೀಕ್ಷೆ ಇದನ್ನು ತಿಳಿಸದು, ಮಾತ್ರೆ ಇದನ್ನು ತೆಗೆಯದು. ಮಾತ್ರೆ ನುಂಗಿದ ಮೇಲೆ ರಕ್ತ ಹೋಗಿ, ಹೊಟ್ಟೆ ನೋವು ಬಂದರೆ ‘ಎಲ್ಲ ಸರಿಯಾಯಿತು’ ಅನ್ನಿಸುತ್ತದೆ. ಒಳಗೆ ನಾಳ ಒಡೆದರೆ ಜೀವಕ್ಕೇ ಸಂಚಕಾರ. ಹೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ತಲೆಸುತ್ತು, ಭುಜದ ನೋವು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಅನುಮಾನವಿದ್ದಾಗ ಸ್ಕ್ಯಾನಿಂಗ್ ಮಾಡಿಸಿ.

ವೈದ್ಯರ ಮುಂದೆ ಏನನ್ನೂ ಮುಚ್ಚಿಡಬೇಡಿ. ಕಾಪರ್-ಟಿ ಇದ್ದರೆ ಮೊದಲು ತೆಗೆಸಬೇಕು. ರಕ್ತ ಹೆಪ್ಪುಗಟ್ಟದ ಕಾಯಿಲೆ, ರಕ್ತ ತೆಳುವಾಗಿಸುವ ಔಷಧ, ದೀರ್ಘಕಾಲದ ಸ್ಟಿರಾಯ್ಡ್, ಅಡ್ರಿನಲ್ ಗ್ರಂಥಿಯ ತೊಂದರೆ, ಈ ಔಷಧಗಳ ಅಲರ್ಜಿ ಇದ್ದವರಿಗೆ ಮಾತ್ರೆ ಆಗದು. ಹೃದಯ, ಯಕೃತ್ತು, ಮೂತ್ರಪಿಂಡದ ಕಾಯಿಲೆ, ಹತೋಟಿಗೆ ಬಾರದ ಬಿಪಿ ಇದ್ದರೂ ಹೇಳಲೇಬೇಕು. ಹಿಂದೆ ಸಿಸೇರಿಯನ್ ಆಗಿರುವುದು ಅಡ್ಡಿಯಲ್ಲ, ಆದರೆ ತಿಳಿಸಿ. ಹಿಮೋಗ್ಲೋಬಿನ್ 8 ಗ್ರಾಂಗಿಂತ ಕಡಿಮೆಯಿದ್ದರೆ ಮಾತ್ರೆ ಸಲ್ಲದು. ರಕ್ತಹೀನತೆ ಇಷ್ಟು ಸಾಮಾನ್ಯವಾಗಿರುವ ನಮ್ಮಲ್ಲಿ ಈ ಒಂದು ರಕ್ತ ಪರೀಕ್ಷೆಯನ್ನು ಬಿಡಲೇಬಾರದು. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಇಂಜೆಕ್ಷನ್ ಬೇಕೇ ಎಂದು ಕೇಳಿ.

ಎರಡನೆಯ ಔಷಧವಾದ ಮಿಸೊಪ್ರೊಸ್ಟಾಲ್ ನಂತರ ಮುಟ್ಟಿಗಿಂತ ಹೆಚ್ಚು ರಕ್ತ, ಹೊಟ್ಟೆ ಹಿಂಡುವ ನೋವು ಸಹಜ. ಆ ದಿನ ಒಬ್ಬರೇ ಇರಬೇಡಿ. ಗಂಟೆಗೆ ಎರಡು ದಪ್ಪ ಪ್ಯಾಡ್‌ನಂತೆ ಸತತ ಎರಡು ಗಂಟೆ ತೊಯ್ದರೆ, ಜ್ವರ ಬಿಡದಿದ್ದರೆ, ದುರ್ವಾಸನೆಯ ಸ್ರಾವವಿದ್ದರೆ 108ಕ್ಕೆ ಕರೆ ಮಾಡಿ ಅಥವಾ ನೇರ ಆಸ್ಪತ್ರೆಗೆ ಹೋಗಿ. 24 ಗಂಟೆಯಾದರೂ ರಕ್ತವೇ ಹೋಗದಿದ್ದರೆ ವೈದ್ಯರಿಗೆ ತಿಳಿಸಿ.

ಸುಮಾರು ಎರಡು ವಾರಕ್ಕೆ ಮರುತಪಾಸಣೆ ಕಡ್ಡಾಯವೆಂದೇ ತಿಳಿಯಿರಿ. ಗರ್ಭ ಉಳಿದು ಬೆಳೆದರೆ ಮಗುವಿಗೆ ಅಂಗವೈಕಲ್ಯ ಉಂಟಾಗುವ ಸಾಧ್ಯತೆಯಿದೆ. ಮುಂದಿನ ಮುಟ್ಟಿಗೂ ಮೊದಲೇ ಮತ್ತೆ ಗರ್ಭ ನಿಲ್ಲಬಹುದು, ಹಾಗಾಗಿ ಗರ್ಭನಿರೋಧಕದ ಬಗ್ಗೆಯೂ ಅಂದೇ ಮಾತಾಡಿ.

18 ತುಂಬಿದ ಹೆಣ್ಣಿಗೆ ತನ್ನ ಒಪ್ಪಿಗೆಯೊಂದೇ ಸಾಕು. ಗಂಡನ ಸಹಿ ಬೇಕಿಲ್ಲ. ಗರ್ಭಪಾತ ಕಾಯ್ದೆಗೆ ಆದ 2021ರ ತಿದ್ದುಪಡಿಯ ನಂತರ ಮದುವೆಯಾಗದವರಿಗೂ ಇದೇ ಹಕ್ಕಿದೆ, ಗರ್ಭಪಾತ ಮಾಡಿಸಿಕೊಂಡವರ ಹೆಸರು ಬಹಿರಂಗಪಡಿಸುವುದು ಶಿಕ್ಷಾರ್ಹ. ನಾಚಿಕೆಗೆ ಅಂಜಿ ಅಂಗಡಿಯ ಕಿಟ್ ನಂಬಬೇಡಿ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಹೋಗಿ ಕೇಳಿ.