ಚೌಕಗಳ ಮೇಲೆ ಯಂತ್ರಮಾನವನ ನಡಿಗೆ

ಯಂತ್ರಮಾನವನೆಂದೊಡನೆ ಲೋಹದ ಕೈಕಾಲುಗಳನ್ನೇ ನೆನೆಯಬೇಕಾಗಿಲ್ಲ. ಗಣಕಯಂತ್ರದ ತೆರೆಯ ಮೇಲೆ ನಮ್ಮ ಆಜ್ಞೆಯಂತೆ ಮನೆಯಿಂದ ಮನೆಗೆ ನಡೆಯುವ ಗುರುತೂ ಯಂತ್ರಮಾನವನೇ. 1981ರಲ್ಲಿ ರಿಚರ್ಡ್ ಪ್ಯಾಟಿಸ್ ಎಂಬವರು ‘ಕ್ಯಾರೆಲ್’ ಎಂಬ ಇಂತಹ ಕಲ್ಪಿತ ಯಂತ್ರಮಾನವನ ಮೂಲಕ ಪ್ರೋಗ್ರಾಂ ರಚನೆಯನ್ನು ಕಲಿಸುವ ಪುಸ್ತಕವನ್ನು ಪ್ರಕಟಿಸಿದರು.

ಉತ್ತರಕ್ಕೆ 0, ಪೂರ್ವಕ್ಕೆ 1, ದಕ್ಷಿಣಕ್ಕೆ 2, ಪಶ್ಚಿಮಕ್ಕೆ 3 ಎಂದು ಅಂಕಗಳನ್ನು ಕೊಡೋಣ. ಬಲಕ್ಕೆ ತಿರುಗಿದರೆ 1ನ್ನೂ ಎಡಕ್ಕೆ ತಿರುಗಿದರೆ 3ನ್ನೂ ಕೂಡಿಸಿ 4ರಿಂದ ಭಾಗಿಸಬೇಕು. ಉಳಿದ ಶೇಷವೇ ಹೊಸ ದಿಕ್ಕು.

ಸೂಲಿಬೆಲೆಯ ನಮ್ಮ ಮನೆಯಂಗಳದಲ್ಲಿ ಚೌಕಾಬಾರದಂತೆ ಐದೈದು ಮನೆಗಳನ್ನು ಬರೆದು, ನನ್ನ ತಮ್ಮನನ್ನು ನೈಋತ್ಯ ಮೂಲೆಯಲ್ಲಿ ಉತ್ತರಾಭಿಮುಖವಾಗಿ ನಿಲ್ಲಿಸಿದೆನು. “ಮುಂದೆ 2, ಬಲಕ್ಕೆ, ಮುಂದೆ 3” ಎಂದೆ, ಸರಿಯಾಗಿ ನಡೆದನು. ಮರಳಿಸಲು “ಹಿಂದಕ್ಕೆ ತಿರುಗು, ಮುಂದೆ 3, ಬಲಕ್ಕೆ, ಮುಂದೆ 2” ಎಂದೆ. ಹೊರಟ ಮನೆಗೆ ಬರಬೇಕಾದವನು ಅಲ್ಲಿಂದ ನಾಲ್ಕು ಮನೆ ದೂರದ ವಾಯವ್ಯ ಮೂಲೆಯಲ್ಲಿ ನಿಂತು ನಕ್ಕನು.

ತಪ್ಪು ನನ್ನದೇ. ಎಡಬಲಗಳು ನಡೆಯುವವನಿಗೆ ಸೇರಿದವು. ಅವನು ಹಿಂದಿರುಗಿದೊಡನೆ ಅವೂ ಅದಲುಬದಲಾಗುತ್ತವೆ. ಆದುದರಿಂದ ಮರಳುವಾಗ ಆಜ್ಞೆಗಳನ್ನು ಕೊನೆಯಿಂದ ಮೊದಲಿಗೆ ಓದಿದರಷ್ಟೇ ಸಾಲದು. ಬಲವನ್ನು ಎಡವಾಗಿಯೂ, ಎಡವನ್ನು ಬಲವಾಗಿಯೂ ಬದಲಿಸಬೇಕು.

ಇದು ಬರಿಯ ಆಟವೆಂದು ವಾಚಕರು ಭಾವಿಸಬಾರದು. 2023ರ ಆಗಸ್ಟ್ 27ರಂದು ಚಂದ್ರನ ಮೇಲೆ ‘ಪ್ರಜ್ಞಾನ್’ ರೋವರಿಗೆ 3 ಮೀಟರ್ ಮುಂದೆ 4 ಮೀಟರ್ ವ್ಯಾಸದ ಕುಳಿಯೊಂದು ಎದುರಾಯಿತು. ಬಂದ ದಾರಿಯಲ್ಲಿಯೇ ಹಿಂದಿರುಗುವಂತೆ ಇಸ್ರೋ ಅದಕ್ಕೆ ಆಜ್ಞೆಯಿತ್ತಿತು. ಅದು ಸುರಕ್ಷಿತವಾಗಿ ಬೇರೆ ದಾರಿ ಹಿಡಿಯಿತು. ಅಂಗಳದಲ್ಲಿ ತಪ್ಪಿದರೆ ತಮ್ಮನನ್ನು ಕೈಹಿಡಿದು ಕರೆತರಬಹುದು. ಅಲ್ಲಿ ಕೈಹಿಡಿಯುವವರು ಯಾರಿದ್ದರು?