ದಾಟು ಸ್ವರದಲ್ಲಿ ಸಿಗುವ ಕಾರ್ಡ್

ಗಿಟಾರಿನ ಮೇಲೆ ಎಡಗೈ ಇಡದೆ ಆರೂ ತಂತಿಗಳನ್ನು ದಪ್ಪ ತಂತಿಯಿಂದ ಒಂದೊಂದಾಗಿ ಮೀಟಿದರೆ ಕೇಳುವುದು ಇ, ಎ, ಡಿ, ಜಿ, ಬಿ, ಮತ್ತೆ ಇ. ಈ ಐದು ಸ್ವರಗಳನ್ನು ಜಿಯಿಂದ ಶುರುಮಾಡಿ ಏರಿಕೆಯಲ್ಲಿ ಜೋಡಿಸಿದರೆ ಜಿ, ಎ, ಬಿ, ಡಿ, ಇ. ಜಿಯನ್ನು ಷಡ್ಜ ಅಂದುಕೊಂಡು ಹಾಡಿದರೆ ಇದು ಸ ರಿ ಗ ಪ ದ. ಮೋಹನ ರಾಗದ ಸ್ವರಗಳು! ತಂತಿಗಳನ್ನು ಶ್ರುತಿ ಮಾಡುವಾಗ ದಿನವೂ ಕಿವಿಗೆ ಬೀಳುವ ಈ ಐದು ಸ್ವರಗಳೊಳಗೆ ಎರಡು ಕಾರ್ಡ್‌ಗಳು ಆಗಲೇ ಸಿದ್ಧವಾಗಿವೆ. ಸ ಗ ಪ ಸೇರಿದರೆ ಜಿ ಮೇಜರ್. ದ ಸ ಗ ಸೇರಿದರೆ ಇ ಮೈನರ್. ಮೂರನೆಯದೊಂದನ್ನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ಯಾಕೆ ಸಿಗುವುದಿಲ್ಲ ಎಂದು ಕೇಳಿಕೊಂಡವರು ಸ್ಕೇಲಿಗೂ ಕಾರ್ಡಿಗೂ ಇರುವ ನಂಟಿನ ಹತ್ತಿರಕ್ಕೆ ಬಂದುಬಿಟ್ಟಿರುತ್ತಾರೆ.

ಆದರೆ ಈ ಪ್ರಶ್ನೆ ಏಳುವ ಸಂದರ್ಭವೇ ಕಡಿಮೆ. ಗಿಟಾರ್ ಕಲಿಯಲು ಬಂದವರ ಕೈಗೆ ಮೊದಲು ಸಿಗುವುದು ಹಾಡಿನ ಸಾಲಿನ ಮೇಲೆ ಜಿ, ಸಿ, ಡಿ ಎಂದು ಗುರುತು ಹಾಕಿದ ಹಾಳೆ. ಸ್ಕೇಲ್ ಬರುವುದು ಎಷ್ಟೋ ಕಾಲದ ಮೇಲೆ, ಬೇರೊಂದು ಹಾಳೆಯಲ್ಲಿ, ಚುಕ್ಕೆ ಇಟ್ಟ ಚೌಕಗಳಾಗಿ. ಕಾರ್ಡ್ ಹಾಡಿಗೆ, ಸ್ಕೇಲ್ ಬೆರಳಿನ ಕಸರತ್ತಿಗೆ ಎಂದು ಮನಸ್ಸಿನಲ್ಲಿ ಎರಡು ಕಪಾಟು ಮಾಡಿಕೊಂಡವರನ್ನು ನಾನು ತುಂಬಾ ನೋಡಿದ್ದೇನೆ. ಅವರ ಬೆರಳು ಓಡುತ್ತವೆ, ಕಾರ್ಡ್‌ಗಳೂ ಸ್ವಚ್ಛವಾಗಿ ನುಡಿಯುತ್ತವೆ. ಹಾಳೆ ಇಲ್ಲದ ಹಾಡು ಎದುರಾದಾಗ ಮಾತ್ರ ಯಾವ ಕಾರ್ಡ್ ಹಿಡಿಯಬೇಕೆಂದು ತೋಚುವುದಿಲ್ಲ.

ನನಗೆ ದಾರಿ ತೋರಿಸಿದ್ದು ಗಿಟಾರಿಗಿಂತ ಮೊದಲು ಕಲಿತ ಸಂಗೀತ ಪಾಠ. ಸರಳೆ, ಜಂಟಿ ವರಸೆಗಳಾದ ಮೇಲೆ ದಾಟು ವರಸೆ ಬರುತ್ತದೆ, ಅಲ್ಲಿ ಪಕ್ಕದ ಸ್ವರವನ್ನು ಬಿಟ್ಟು ಮುಂದಿನದಕ್ಕೆ ಜಿಗಿಯುವ ಅಭ್ಯಾಸ. ಕಾರ್ಡ್ ಹುಟ್ಟುವುದೂ ಹೀಗೆಯೇ. ಯಾವುದೇ ಸ್ವರದ ಮೇಲೆ ನಿಂತು ಒಂದು ಬಿಟ್ಟು ಒಂದರಂತೆ ಇನ್ನೆರಡು ಸ್ವರ ಆರಿಸಿ ಮೂರನ್ನೂ ಒಟ್ಟಿಗೆ ಮೀಟಿದರಾಯಿತು. ಸ ಗ ಪ, ರಿ ಮ ದ, ಗ ಪ ನಿ, ಮ ದ ಸ, ಪ ನಿ ರಿ, ದ ಸ ಗ, ನಿ ರಿ ಮ. ಏಳು ಸ್ವರಕ್ಕೆ ಏಳು ಕಾರ್ಡ್. ಮೇಜರ್ ಸ್ಕೇಲ್ ಎಂದರೆ ನಮ್ಮ 29ನೆಯ ಮೇಳಕರ್ತ ಶಂಕರಾಭರಣ. ಅದರಲ್ಲಿ ಷಡ್ಜದಿಂದ ಗಾಂಧಾರಕ್ಕೆ ನಾಲ್ಕು ಫ್ರೆಟ್, ಅಲ್ಲಿಂದ ಪಂಚಮಕ್ಕೆ ಮೂರು. ಮೊದಲು ನಾಲ್ಕು ಆಮೇಲೆ ಮೂರಾದರೆ ಮೇಜರ್ ಕಾರ್ಡ್. ರಿಷಭದಿಂದ ಮಧ್ಯಮಕ್ಕೆ ಮೂರು, ಮಧ್ಯಮದಿಂದ ಧೈವತಕ್ಕೆ ನಾಲ್ಕು. ಲೆಕ್ಕ ತಿರುಗಿತು, ಮೈನರ್ ಆಯಿತು. ನಿಷಾದದ ಮೇಲೆ ಮಾತ್ರ ಮೂರು, ಮತ್ತೆ ಮೂರು, ಅದು ಡಿಮಿನಿಶ್ಡ್. ಹೀಗಾಗಿ ಯಾವ ಕಾರ್ಡ್ ಮೇಜರ್, ಯಾವುದು ಮೈನರ್ ಎಂದು ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ, ಸ್ಕೇಲೇ ಅದನ್ನು ತೀರ್ಮಾನಿಸುತ್ತದೆ.

ಇದನ್ನು ಕಣ್ಣಾರೆ ನೋಡಲು ಗಿಟಾರಿನ ನಡುವಿನ ಮೂರು ತಂತಿ ಸಾಕು. ನಾಲ್ಕನೆಯ ತಂತಿ ಡಿ, ಮೂರನೆಯದು ಜಿ, ಎರಡನೆಯದು ಬಿ. ಏನನ್ನೂ ಒತ್ತದೆ ಈ ಮೂರನ್ನು ಮೀಟಿದರೆ ಪ ಸ ಗ, ಅಂದರೆ ಜಿ ಮೇಜರ್. ಈಗ ಮೂರೂ ತಂತಿಯಲ್ಲಿ ಶಂಕರಾಭರಣದ ಮುಂದಿನ ಸ್ವರಕ್ಕೆ ಹೋಗಬೇಕು. ಕೈ ಎರಡು, ಎರಡು, ಒಂದನೆಯ ಫ್ರೆಟ್‌ಗಳಿಗೆ ಬರುತ್ತದೆ. ಸಿಕ್ಕಿದ್ದು ಎ ಮೈನರ್. ಮುಂದಿನದು ನಾಲ್ಕು, ನಾಲ್ಕು, ಮೂರು: ಬಿ ಮೈನರ್. ಆಮೇಲೆ ಮೂರೂ ಐದರಲ್ಲಿ: ಸಿ ಮೇಜರ್. ಮೂರೂ ಏಳರಲ್ಲಿ: ಡಿ ಮೇಜರ್. ಒಂಬತ್ತು, ಒಂಬತ್ತು, ಎಂಟಕ್ಕೆ ಬಂದರೆ ಇ ಮೈನರ್. ಹತ್ತು, ಹನ್ನೊಂದು, ಹತ್ತರಲ್ಲಿ ಎಫ್ ಶಾರ್ಪ್ ಡಿಮಿನಿಶ್ಡ್. ಹನ್ನೆರಡನೆಯ ಫ್ರೆಟ್‌ನಲ್ಲಿ ಮತ್ತೆ ಜಿ. ಒಂದೊಂದು ತಂತಿಯನ್ನು ಬಿಡಿಯಾಗಿ ಕೇಳಿದರೆ ಅದು ಬರೀ ಸ್ಕೇಲ್. ಒಂದು ತಂತಿ ಪಂಚಮದಿಂದ ಹೊರಟಿದೆ, ಇನ್ನೊಂದು ಷಡ್ಜದಿಂದ, ಮತ್ತೊಂದು ಗಾಂಧಾರದಿಂದ, ಅಷ್ಟೇ ವ್ಯತ್ಯಾಸ. ಮೂರು ತಂತಿಗಳು ಒಂದೇ ರಾಗದ ಏರಿಕೆಯನ್ನು ಒಟ್ಟಿಗೆ ನಡೆದರೆ ಹೆಜ್ಜೆಹೆಜ್ಜೆಗೂ ಒಂದು ಕಾರ್ಡ್ ಹುಟ್ಟುತ್ತದೆ. ಕಲಿಯಲು ಬಂದವರಿಗೆ ನಾನು ಮೊದಲು ಮಾಡಿಸುವ ಅಭ್ಯಾಸ ಇದೇ. ಹಾಳೆಯ ಮೇಲಿನ ಚುಕ್ಕೆಗಳು ಎಷ್ಟು ವಿವರಿಸಿದರೂ ಕೊಡದ ತಿಳಿವಳಿಕೆಯನ್ನು ಈ ಎಂಟು ಹೆಜ್ಜೆ ಕೊಡುತ್ತವೆ.

ಈ ಸಾಲಿನಲ್ಲಿ ಮೇಜರ್ ಕಾರ್ಡ್‌ಗಳೆಲ್ಲ ಒಂದೇ ಬೆರಳಿಗೆ, ನೇರ ಗೆರೆಯಲ್ಲಿ ಸಿಕ್ಕಿದ್ದಕ್ಕೆ ಕಾರಣವಿದೆ. ಗಿಟಾರಿನ ಅಕ್ಕಪಕ್ಕದ ತಂತಿಗಳ ನಡುವೆ ಎಲ್ಲ ಕಡೆ ಐದು ಫ್ರೆಟ್‌ಗಳ ಅಂತರ, ಷಡ್ಜ ಮಧ್ಯಮಗಳ ಅಂತರ. ಜಿ ಮತ್ತು ಬಿ ತಂತಿಗಳ ನಡುವೆ ಮಾತ್ರ ನಾಲ್ಕು, ಅಂದರೆ ಷಡ್ಜದಿಂದ ಅಂತರ ಗಾಂಧಾರ. ಸ್ಕೇಲ್ ಕಲಿಯುವಾಗ ಎಲ್ಲರನ್ನೂ ಗೊಂದಲಕ್ಕೆ ಬೀಳಿಸುವುದು ಈ ಒಂದು ಅಂತರವೇ. ಅಲ್ಲಿಗೆ ಬಂದೊಡನೆ ಬೆರಳಿನ ನಕ್ಷೆ ಒಂದು ಫ್ರೆಟ್ ಪಕ್ಕಕ್ಕೆ ಸರಿಯುತ್ತದೆ. ಆದರೆ ಎಲ್ಲ ಅಂತರಗಳೂ ಐದೇ ಆಗಿದ್ದರೆ ನಡುವಿನ ತಂತಿಗಳಲ್ಲಿ ಇಷ್ಟು ಸಲೀಸಾಗಿ ಮೇಜರ್ ಕಾರ್ಡ್ ಹಿಡಿಯಲು ಆಗುತ್ತಿರಲಿಲ್ಲ.

ಜಿ, ಸಿ, ಡಿ ಎಂಬ ಮೂರೇ ಕಾರ್ಡ್‌ಗಳಲ್ಲಿ ಸಾವಿರಾರು ಹಾಡುಗಳು ಹೇಗೆ ನಡೆಯುತ್ತವೆ ಎಂಬುದಕ್ಕೂ ಉತ್ತರ ಇಲ್ಲಿಯೇ ಇದೆ. ಸ ಗ ಪ, ಮ ದ ಸ, ಪ ನಿ ರಿ: ಮೂರನ್ನೂ ಸೇರಿಸಿದರೆ ಏಳು ಸ್ವರಗಳಲ್ಲಿ ಒಂದೂ ಬಿಟ್ಟುಹೋಗಿಲ್ಲ. ಹಾಡಿನಲ್ಲಿ ಯಾವ ಸ್ವರ ಬಂದರೂ ಈ ಮೂರರಲ್ಲಿ ಒಂದು ಕಾರ್ಡ್ ಅದನ್ನು ಹೊತ್ತಿರುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಬರೆದ ನೊಟ್ಟುಸ್ವರಗಳಲ್ಲಿ ‘ಶ್ಯಾಮಲೇ ಮೀನಾಕ್ಷಿ’ ಒಂದು. ಮಕ್ಕಳೆಲ್ಲ ‘ಟ್ವಿಂಕಲ್ ಟ್ವಿಂಕಲ್’ ಎಂದು ಹಾಡುವ ಮಟ್ಟೇ ಅದರದ್ದೂ. ಸ ಸ ಪ ಪ ಇರುವಲ್ಲಿ ಜಿ. ದ ದ ಬಂದಾಗ ಧೈವತ ಇರುವ ಸಿ. ಪಂಚಮಕ್ಕೆ ಮರಳಿದಾಗ ಜಿ. ಮ ಮ ಎಂಬಲ್ಲಿ ಸಿ, ಗ ಗ ಎಂಬಲ್ಲಿ ಜಿ, ರಿ ರಿ ಎಂಬಲ್ಲಿ ಡಿ, ಷಡ್ಜಕ್ಕೆ ಇಳಿದಾಗ ಜಿ. ಸ್ವರ ಹಾಡಿಕೊಳ್ಳಲು ಬರುವ ಮಗುವಿಗೆ ಕಾರ್ಡಿನ ಹಾಳೆಯ ಹಂಗು ಇಲ್ಲಿಗೆ ತಪ್ಪುತ್ತದೆ.

ವರ್ಣದವರೆಗೆ ಹಾಡುಗಾರಿಕೆ ಕಲಿತಿದ್ದ ಹುಡುಗಿಯೊಬ್ಬಳು ಗಿಟಾರ್ ಪಾಠದಲ್ಲಿ ಕೇಳಿದಳು: “ಸರ್, ಇಲ್ಲಿ ಡಿ ಮೈನರ್ ಯಾಕೆ ಆಗಲ್ಲ? ಹಿಡಿಯೋಕೂ ಬರುತ್ತೆ, ಕೇಳೋಕೂ ಚೆನ್ನಾಗಿದೆ.” ಡಿ ಮೇಜರ್‌ನಲ್ಲಿ ಮೊದಲನೆಯ ತಂತಿಯ ಎರಡನೆಯ ಫ್ರೆಟ್ ಒತ್ತುತ್ತೇವೆ, ಡಿ ಮೈನರ್‌ನಲ್ಲಿ ಒಂದನೆಯದು. ಜಿ ಷಡ್ಜವಾದರೆ ಎರಡನೆಯ ಫ್ರೆಟ್‌ನಲ್ಲಿರುವುದು ಕಾಕಲಿ ನಿಷಾದ, ಒಂದನೆಯದರಲ್ಲಿ ಕೈಶಿಕಿ ನಿಷಾದ. ಎರಡನ್ನೂ ನಿಧಾನವಾಗಿ ನುಡಿಸಿ ಹಾಡಿಕೊಳ್ಳಲು ಹೇಳಿದೆ. ಒಂದೆರಡು ಸಲ ಹಾಡಿದವಳೇ, “ಓ, ಇದು ಹರಿಕಾಂಭೋಜಿ ಆಗೋಯ್ತು!” ಅಂದಳು. ಕಾರ್ಡ್ ಬದಲಾದಾಗ ಮೇಳವೇ ಬದಲಾಗುತ್ತದೆ ಎಂಬುದು ಅವಳಿಗೆ ಕಿವಿಯಿಂದಲೇ ಗೊತ್ತಾಯಿತು.

ಇದರ ಇನ್ನೊಂದು ಮುಖ ಎ ಮೈನರ್‌ನಲ್ಲಿ ಕಾಣುತ್ತದೆ. ಎ ಷಡ್ಜವಾಗಿಟ್ಟು ನಠಭೈರವಿ ನುಡಿಸುವಾಗ ಪಂಚಮದ ಮೇಲಿನ ಕಾರ್ಡ್ ಇ ಮೈನರ್. ಐದನೆಯ ಮತ್ತು ನಾಲ್ಕನೆಯ ತಂತಿಗಳ ಎರಡನೆಯ ಫ್ರೆಟ್ ಒತ್ತಿ ಉಳಿದವನ್ನು ಹಾಗೇ ಬಿಟ್ಟರೆ ಅದು ಸಿದ್ಧ. ಈಗ ಮೂರನೆಯ ತಂತಿಯ ಮೊದಲ ಫ್ರೆಟ್ ಮೇಲೆ ತೋರುಬೆರಳು ಇಟ್ಟರೆ ಇ ಮೇಜರ್. ಇಟ್ಟದ್ದು ಒಂದೇ ಬೆರಳು. ಕೈಶಿಕಿ ನಿಷಾದ ಕಾಕಲಿಯಾಯಿತು, 20ನೆಯ ಮೇಳದಿಂದ 21ನೆಯ ಮೇಳ ಕೀರವಾಣಿಗೆ ಬಂದೆವು. ಕಾಕಲಿ ನಿಷಾದಕ್ಕೂ ಮೇಲಿನ ಷಡ್ಜಕ್ಕೂ ಒಂದೇ ಫ್ರೆಟ್ ಅಂತರವಾದ್ದರಿಂದ ಇ ಮೇಜರ್ ಕೇಳಿದ ಕಿವಿ ಎ ಮೈನರ್‌ಗಾಗಿ ಕಾಯತೊಡಗುತ್ತದೆ. ಇ ಮೈನರ್‌ಗೆ ಆ ಸೆಳೆತವಿಲ್ಲ. ಪಾಶ್ಚಾತ್ಯ ಪಾಠದಲ್ಲಿ ಈ ಸ್ಕೇಲಿಗೆ ಹಾರ್ಮೋನಿಕ್ ಮೈನರ್ ಎಂಬ ಹೆಸರು ಬಂದದ್ದಕ್ಕೂ ಕಾರಣ ಈ ಕಾರ್ಡೇ.

ಮತ್ತೆ ಮೋಹನಕ್ಕೆ ಬರೋಣ. ಅಲ್ಲಿ ಮಧ್ಯಮ, ನಿಷಾದ ಎರಡೂ ಇಲ್ಲ. ಮಧ್ಯಮವಿಲ್ಲದೆ ಮ ದ ಸ ಇಲ್ಲ, ರಿ ಮ ದ ಇಲ್ಲ. ನಿಷಾದವಿಲ್ಲದೆ ಪ ನಿ ರಿ ಇಲ್ಲ, ಗ ಪ ನಿ ಇಲ್ಲ. ಉಳಿಯುವುದು ಜಿ ಮತ್ತು ಇ ಮೈನರ್ ಎರಡೇ. ಮೋಹನದ ಧೈವತವನ್ನು ತೆಗೆದು ಆ ಜಾಗಕ್ಕೆ ಕಾಕಲಿ ನಿಷಾದ ತಂದರೆ ಹಂಸಧ್ವನಿ, ಸ ರಿ ಗ ಪ ನಿ. ಬದಲಾದದ್ದು ಒಂದೇ ಸ್ವರವಾದರೂ ಕಾರ್ಡ್‌ಗಳ ಸಂಸಾರವೇ ಬೇರೆಯಾಗುತ್ತದೆ: ಇ ಮೈನರ್ ಹೋಯಿತು, ಬಿ ಮೈನರ್ ಮತ್ತು ಡಿ ಮೇಜರ್ ಬಂದವು. ಪಂಚಮದ ಕಾರ್ಡ್ ಬಂದದ್ದರಿಂದ ಷಡ್ಜಕ್ಕೆ ಮರಳುವ ಒತ್ತಡವೂ ಬಂತು. ‘ವಾತಾಪಿ ಗಣಪತಿಂ’ ಕೇಳುವಾಗ ಆಗುವ ಆ ಉತ್ಸಾಹಕ್ಕೂ ಮೋಹನದ ನೆಮ್ಮದಿಗೂ ಇರುವ ವ್ಯತ್ಯಾಸ ಗಿಟಾರಿನ ಮೇಲೆ ಸ್ವಲ್ಪ ಮಟ್ಟಿಗೆ ಕಣ್ಣಿಗೇ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. ಇದರಿಂದ ಅಭ್ಯಾಸಕ್ಕೂ ಒಂದು ಲಾಭವಿದೆ. ಹಾಡು ಮೋಹನದಲ್ಲಿದ್ದಾಗ ಹಿನ್ನೆಲೆಗೆ ಸಿ ಅಥವಾ ಡಿ ಹಿಡಿದರೆ ರಾಗದಲ್ಲಿಲ್ಲದ ಸ್ವರವೊಂದನ್ನು ಒಳಗೆ ಬಿಟ್ಟಂತೆ. ಸಿನಿಮಾ ಸಂಗೀತದಲ್ಲಿ ಅದನ್ನು ಬೇಕೆಂದೇ ಮಾಡುತ್ತಾರೆ, ಸೊಗಸಾಗಿಯೂ ಇರುತ್ತದೆ. ಆದರೆ ಏನು ಮಾಡುತ್ತಿದ್ದೇವೆಂದು ತಿಳಿದು ಮಾಡಬೇಕು.

ಗ್ರಹಭೇದ ಗೊತ್ತಿರುವವರಿಗೆ ಮುಂದಿನ ಮೆಟ್ಟಿಲು ಸುಲಭ. ಶಂಕರಾಭರಣದ ರಿಷಭವನ್ನು ಷಡ್ಜ ಮಾಡಿಕೊಂಡರೆ ಖರಹರಪ್ರಿಯ, ಗಾಂಧಾರವನ್ನು ಮಾಡಿಕೊಂಡರೆ ತೋಡಿ, ಮಧ್ಯಮವಾದರೆ ಕಲ್ಯಾಣಿ, ಪಂಚಮವಾದರೆ ಹರಿಕಾಂಭೋಜಿ, ಧೈವತವಾದರೆ ನಠಭೈರವಿ. ಸ್ವರಗಳು ಅವೇ ಆದ್ದರಿಂದ ಕಾರ್ಡ್‌ಗಳೂ ಅವೇ. ಯಾವ ಕಾರ್ಡ್ ಮನೆ ಎಂಬುದಷ್ಟೇ ಬೇರೆ. 1959ರ ಮಾರ್ಚ್ 2ರಂದು ನ್ಯೂಯಾರ್ಕಿನಲ್ಲಿ ಮೈಲ್ಸ್ ಡೇವಿಸ್ ಧ್ವನಿಮುದ್ರಿಸಿದ ‘ಸೋ ವಾಟ್’ ಇದಕ್ಕೆ ಒಳ್ಳೆಯ ಉದಾಹರಣೆ. ‘ಕೈಂಡ್ ಆಫ್ ಬ್ಲೂ’ ಆಲ್ಬಮ್ಮಿನ ಮೊದಲ ಕೃತಿ ಅದು. ಅದರ 32 ಬಾರ್‌ಗಳಲ್ಲಿ 24 ಡಿ ಡೋರಿಯನ್‌ನಲ್ಲಿವೆ, ಅಂದರೆ ಡಿ ಷಡ್ಜವಾದ ಖರಹರಪ್ರಿಯದ ಸ್ವರಗಳಲ್ಲಿ. ಬಾಸ್ ಒಂದು ಸಾಲು ನುಡಿಸಿದಾಗಲೆಲ್ಲ ಬಿಲ್ ಇವಾನ್ಸ್ ಪಿಯಾನೋದಲ್ಲಿ ಎರಡು ಕಾರ್ಡ್‌ಗಳಿಂದ ಉತ್ತರಿಸುತ್ತಾರೆ. ಮೊದಲ ಕಾರ್ಡಿನ ಸ್ವರಗಳು ಕೆಳಗಿನಿಂದ ಇ, ಎ, ಡಿ, ಜಿ, ಬಿ. ಗಿಟಾರಿನ ಖಾಲಿ ತಂತಿಗಳೇ! ಹನ್ನೆರಡನೆಯ ಫ್ರೆಟ್‌ನಲ್ಲಿ ಐದು ತಂತಿಗಳ ಮೇಲೆ ಬೆರಳು ಅಡ್ಡ ಹಾಕಿದರೆ ಅದು ಸಿಗುತ್ತದೆ. ಹತ್ತನೆಯದಕ್ಕೆ ಜಾರಿಸಿದರೆ ಎರಡನೆಯ ಕಾರ್ಡ್: ಡಿ, ಜಿ, ಸಿ, ಎಫ್, ಎ. ಎರಡನ್ನೂ ಸೇರಿಸಿ ಎಣಿಸಿದರೆ ಏಳೂ ಸ್ವರ ಹಾಜರಿವೆ. ಈ ಕಾರ್ಡ್ ಕಟ್ಟಿರುವುದು ಒಂದು ಬಿಟ್ಟು ಒಂದರಂತೆ ಅಲ್ಲ, ಎರಡೆರಡು ಸ್ವರ ದಾಟಿ; ತುದಿಯಲ್ಲಿ ಮಾತ್ರ ಒಂದನ್ನು ದಾಟಿದೆ. ದಾಟುವ ದೂರ ಬದಲಾದದ್ದಕ್ಕೇ ಮೇಜರ್, ಮೈನರ್ ಎನ್ನಲಾಗದ, ಗೋಡೆಗಳಿಲ್ಲದಂಥ ನಾದ ಅಲ್ಲಿ ಕೇಳುತ್ತದೆ.

ಇಷ್ಟಾದರೂ ಎಲ್ಲ ರಾಗಕ್ಕೂ ಕಾರ್ಡ್ ಹೊಂದಿಸಬಹುದು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ತೋಡಿಯ ಗಾಂಧಾರ ಒಂದು ಫ್ರೆಟ್ ಮೇಲೆ ನಿಲ್ಲುವ ಸ್ವರವಲ್ಲ, ಅದರ ಜೀವ ಗಮಕದಲ್ಲಿದೆ. ಗಿಟಾರ್ ಪ್ರಸನ್ನ ಅಂಥವರು ತಂತಿಯನ್ನು ಎಳೆದು, ಜಾರಿಸಿ ಈ ವಾದ್ಯದಲ್ಲಿ ಗಮಕ ತರುವುದನ್ನು ಕೇಳಿದವರಿಗೆ ಇದು ಗೊತ್ತು. ಅಲ್ಲಾಡುವ ಗಾಂಧಾರದ ಕೆಳಗೆ ಅಲ್ಲಾಡದ ಗಾಂಧಾರ ಇಟ್ಟರೆ ಎರಡೂ ಕೆಡುತ್ತವೆ. ಅಂಥ ರಾಗಕ್ಕೆ ಷಡ್ಜ ಪಂಚಮ ಸಾಕು.

ಮಾಯಾಮಾಳವಗೌಳದ ಕಡೆಯ ರಾಗಗಳಲ್ಲಿ ಇನ್ನೊಂದು ಬಗೆಯ ಸೋಜಿಗ ಕಾದಿದೆ. ಸಂಗೀತ ಕಲಿತವರೆಲ್ಲ ಹಾಡಿರುವ ಪುರಂದರದಾಸರ ‘ಲಂಬೋದರ ಲಕುಮಿಕರ’ ಗೀತೆ ಮಲಹರಿಯಲ್ಲಿದೆ. ಎ ಷಡ್ಜವಾದರೆ ಅದರಲ್ಲಿ ಸಿಗುವ ಸ ಗ ಪ ಎ ಮೇಜರ್, ರಿ ಮ ದ ಬಿ ಫ್ಲ್ಯಾಟ್ ಮೇಜರ್, ಮ ದ ಸ ಡಿ ಮೈನರ್. ನಿಷಾದವಿಲ್ಲದ್ದರಿಂದ ಪಂಚಮದ ಕಾರ್ಡ್ ಇಲ್ಲ. ಷಡ್ಜಕ್ಕೆ ಮರಳುವುದು ಒಂದು ಫ್ರೆಟ್ ಮೇಲಿರುವ ಶುದ್ಧ ರಿಷಭದ ಕಾರ್ಡಿನಿಂದ, ಬಿ ಫ್ಲ್ಯಾಟಿನಿಂದ ಎಗೆ. ಸ್ಪೇನಿನ ಆಂಡಲೂಸಿಯಾದ ಫ್ಲಮೆಂಕೊ ಗಿಟಾರ್ ವಾದಕರು ಡಿ ಮೈನರ್, ಸಿ, ಬಿ ಫ್ಲ್ಯಾಟ್, ಎ ಎಂದು ಇಳಿದು ಬಂದು ನಿಲ್ಲುವುದೂ ಇದೇ ಜಾಗದಲ್ಲಿ. ಆ ನಾಲ್ಕರಲ್ಲಿ ಮೂರು ಮಲಹರಿಯಲ್ಲೂ ಇವೆ. ಸಿ ಮೇಜರ್ ಮಾತ್ರ ಇಲ್ಲ, ಅದಕ್ಕೆ ಸಾಧಾರಣ ಗಾಂಧಾರ ಮತ್ತು ಕೈಶಿಕಿ ನಿಷಾದ ಬೇಕು. ಗೀತೆಯನ್ನು ವಿಳಂಬದಲ್ಲಿ ಹಾಡಿಕೊಂಡು, ರಿಷಭ ಬಂದಲ್ಲಿ ಬಿ ಫ್ಲ್ಯಾಟ್, ಷಡ್ಜ ಬಂದಲ್ಲಿ ಎ, ಮಧ್ಯಮದಲ್ಲಿ ಡಿ ಮೈನರ್ ಹಿಡಿದು ನೋಡಬಹುದು. ಧೈವತ ಬಂದಾಗ ಬಿ ಫ್ಲ್ಯಾಟ್ ಹಿಡಿಯಬೇಕೋ ಡಿ ಮೈನರೋ ಎಂಬುದನ್ನು ಹಾಡುವವರ ಕಿವಿಯೇ ಹೇಳಬೇಕು, ಎರಡರಲ್ಲೂ ಆ ಸ್ವರ ಇದೆ.