ಬೇಸಿಗೆಯ ಐಸ್ ಕ್ಯಾಂಡಿ: ಮನೆಯಲ್ಲಿ ಮಾಡುವ ಬಗೆ ಮತ್ತು ಮದ್ಯ ಬೆರೆಸುವಾಗ ಇರಬೇಕಾದ ಎಚ್ಚರ



ಕಾಫಿ ಕುಯ್ಲು ಮುಗಿದು, ಅಡಿಕೆ ಸುಲಿತವೂ ಒಂದು ಹಂತಕ್ಕೆ ಬಂದ ಮೇಲೆ ನಮ್ಮಲ್ಲಿ ನೆಂಟರ ಮನೆಗೆ ಹೋಗಿಬರುವ ಕಾಲ. ಬಯಲುಸೀಮೆಗೆ ಹೆಣ್ಣು ಕೊಟ್ಟ, ಅಲ್ಲಿಂದ ಹೆಣ್ಣು ತಂದ ಸದಸ್ಯರ ಮನೆತನಗಳು ನಮ್ಮಲ್ಲಿ ಹಲವಾರಿವೆ. ಈ ಪಾಠವನ್ನು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳನ್ನು ಕಣ್ಣ ಮುಂದಿಟ್ಟುಕೊಂಡು ಬರೆದಿದೆ. ಸಹಕಾರಿಗಳಾದ ನಮಗೆ ಆ ನೆಲ ಹೊಸದಲ್ಲ. 1905ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಹುಟ್ಟಿದ ಕಣಗಿನಹಾಳ ಗದಗ ತಾಲ್ಲೂಕಿನದೇ.

ಅಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬಿಸಿಲು 38-40 ಡಿಗ್ರಿ ಮುಟ್ಟುವುದುಂಟು. ಮದುವೆ, ಗೃಹಪ್ರವೇಶ, ಜಾತ್ರೆಗಳೂ ಅದೇ ಕಾಲಕ್ಕೆ. ಮಕ್ಕಳ ಕೈಯಲ್ಲಿ ಐಸ್ ಕ್ಯಾಂಡಿ ಇರುವುದು ಹಳೆಯ ಮಾತು. ಈಗ ದೊಡ್ಡವರ ಕೂಟಗಳಿಗೆ ರಮ್ ಅಥವಾ ವೈನ್ ಬೆರೆಸಿದ ಕ್ಯಾಂಡಿ ಮಾಡುವ ಪದ್ಧತಿಯೂ ಬಂದಿದೆ. ಮಾಡಬೇಕೆಂದು ನಾವು ಹೇಳುವುದಿಲ್ಲ. ಆದರೆ ಮಾಡುವವರು ತಿಳಿದು ಮಾಡಲಿ ಎಂಬುದು ಈ ಪಾಠದ ಉದ್ದೇಶ.

ಏಕೆ ಬರೆಯಬೇಕಾಯಿತು

ಒಂದು ಬೇಸಿಗೆಯಲ್ಲಿ ನಾನು ಲಕ್ಷ್ಮೇಶ್ವರದ ಬಂಧುಗಳ ಮನೆಗೆ ಹೋಗಿದ್ದೆ. ಹುಡುಗರು ರಾತ್ರಿಯ ಕೂಟಕ್ಕೆಂದು ದ್ರಾಕ್ಷಿ ರಸಕ್ಕೆ ಮದ್ಯ ಬೆರೆಸಿ ಕ್ಯಾಂಡಿ ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದರು. ಪಕ್ಕದಲ್ಲೇ ಮಕ್ಕಳಿಗಾಗಿ ಮಾಡಿದ ದ್ರಾಕ್ಷಿ ಕ್ಯಾಂಡಿ. ಎರಡಕ್ಕೂ ಒಂದೇ ಬಣ್ಣ, ಒಂದೇ ಅಚ್ಚು. ಮಧ್ಯಾಹ್ನ ಎಂಟು ವರ್ಷದ ಮಗು ಬಂದು, "ಅಜ್ಜೀ, ಈ ಐಸ್ ಯಾಕೋ ಕಹಿ ಐತಲ್ಲ" ಎಂದಿತು. ಅಜ್ಜಿ ಮೂಸಿ ನೋಡಿ ಕೂಡಲೇ ಕಿತ್ತುಕೊಂಡರು. ಮಗು ಎರಡು ಸಲ ಮಾತ್ರ ಚೀಪಿತ್ತು, ಏನೂ ಆಗಲಿಲ್ಲ. ಆದರೆ ಕಹಿಯೆಂದು ಹೇಳದೆ ಮೂರು-ನಾಲ್ಕು ತಿಂದಿದ್ದರೆ? ಮದ್ಯವು ಚಿಕ್ಕ ಮಕ್ಕಳ ರಕ್ತದಲ್ಲಿನ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಲ್ಲದು. ಆ ಮನೆಯವರಾರೂ ಕೆಟ್ಟವರಲ್ಲ. ಅವರಿಗೆ ಕೆಲವು ವಿಷಯ ತಿಳಿದಿರಲಿಲ್ಲ, ಅಷ್ಟೇ.

1. ಮೊದಲು ನೀರು

ನೀರನ್ನು ಹೆಪ್ಪುಗಟ್ಟಿಸಿದರೆ ಅದು ಶುದ್ಧವಾಗುತ್ತದೆಂಬುದು ತಪ್ಪು ತಿಳುವಳಿಕೆ. ರೋಗಾಣುಗಳಲ್ಲಿ ಬಹಳಷ್ಟು ಮಂಜುಗಡ್ಡೆಯೊಳಗೂ ಜೀವ ಹಿಡಿದಿರುತ್ತವೆ. ಆದ್ದರಿಂದ ಕ್ಯಾಂಡಿಯ ನೀರು ಕುದಿಸಿ ಆರಿಸಿದ್ದಾಗಿರಬೇಕು.

ಇನ್ನೊಂದು ವಿಷಯ ಆ ಸೀಮೆಗೆ ವಿಶೇಷವಾಗಿ ಸೇರಿದ್ದು. ಮುಂಡರಗಿ, ಶಿರಹಟ್ಟಿ ಕಡೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಅದು ಕುಡಿಯಲು ತಕ್ಕದ್ದಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ನದಿಯಿಂದ ಬರುವ ನಲ್ಲಿ ನೀರನ್ನಾಗಲಿ, ಊರಿನ ಶುದ್ಧ ನೀರಿನ ಘಟಕದ ನೀರನ್ನಾಗಲಿ ಬಳಸುವುದು ಒಳ್ಳೆಯದು.

ಮೀನು ಕೆಡದಂತಿಡಲು ಮಾಡಿದ ಮಂಜುಗಡ್ಡೆಯನ್ನು ತಿನ್ನುವ ಪದಾರ್ಥಕ್ಕೆ ಎಂದೂ ಸೇರಿಸಕೂಡದು. ಅಚ್ಚಿನ ಹೊರಗಡೆ ತಂಪಿಗಾಗಿ ಮಾತ್ರ ಬಳಸಬಹುದು.

2. ಹೆಪ್ಪುಗಟ್ಟುವ ಲೆಕ್ಕ

ಶುದ್ಧ ನೀರು 0 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಅದರಲ್ಲಿ ಸಕ್ಕರೆ, ಉಪ್ಪು, ಮದ್ಯ ಯಾವುದು ಕರಗಿದರೂ ಇನ್ನೂ ಹೆಚ್ಚಿನ ಚಳಿ ಬೇಕಾಗುತ್ತದೆ. ಅಪ್ಪಟ ಮದ್ಯಸಾರ ಹೆಪ್ಪುಗಟ್ಟುವುದು ಸೊನ್ನೆಗಿಂತ 114 ಡಿಗ್ರಿ ಕೆಳಗೆ. ಮನೆಯ ಫ್ರೀಜರಿನ ಚಳಿ ಸುಮಾರು ಮೈನಸ್ 18. ರಮ್, ವಿಸ್ಕಿ ಬಾಟಲಿಯನ್ನು ಫ್ರೀಜರಿನಲ್ಲಿಟ್ಟರೂ ಗಟ್ಟಿಯಾಗದಿರುವುದು ಇದೇ ಕಾರಣದಿಂದ. ಮದ್ಯ ಹೆಚ್ಚು ಸುರಿದರೆ ಕ್ಯಾಂಡಿ ಕಡ್ಡಿಗೆ ನಿಲ್ಲದೆ ಗಂಜಿಯಂತಾಗುತ್ತದೆ. ಒಟ್ಟು ಮಿಶ್ರಣದಲ್ಲಿ ಮದ್ಯಸಾರ ಶೇಕಡಾ 5ರಷ್ಟಿದ್ದರೆ ಕ್ಯಾಂಡಿ ಸರಿಯಾಗಿ ನಿಲ್ಲುತ್ತದೆ.

ಲೆಕ್ಕ ಹೀಗೆ: ಬೆರೆಸಿದ ಮದ್ಯದ ಅಳತೆಯನ್ನು ಬಾಟಲಿಯ ಮೇಲಿನ ಶೇಕಡಾ ಪ್ರಮಾಣದಿಂದ ಗುಣಿಸಿ, ಒಟ್ಟು ಮಿಶ್ರಣದಿಂದ ಭಾಗಿಸಬೇಕು. ನಮ್ಮ ದೇಶದ ರಮ್ಮಿನಲ್ಲಿ ಸಾಮಾನ್ಯವಾಗಿ ಶೇಕಡಾ 42.8 ಮದ್ಯಸಾರವಿರುತ್ತದೆ. 600 ಮಿ.ಲೀ. ಮಿಶ್ರಣಕ್ಕೆ 70 ಮಿ.ಲೀ. ರಮ್ ಹಾಕಿದರೆ ಅದರಲ್ಲಿ ಮದ್ಯಸಾರ 30 ಮಿ.ಲೀ., ಎಂದರೆ ಶೇಕಡಾ 5. ವೈನಿನ ಪ್ರಮಾಣ ಶೇಕಡಾ 12 ಆದರೆ ಅದೇ ಮಿಶ್ರಣಕ್ಕೆ 250 ಮಿ.ಲೀ. ಬೇಕು.

3. ಎಲ್ಲರಿಗೂ ಆಗುವ ಕಾಫಿ ಕ್ಯಾಂಡಿ (60 ಮಿ.ಲೀ.ನ 10 ಅಚ್ಚುಗಳಿಗೆ)

ಅರ್ಧ ಲೀಟರ್ ಹಾಲನ್ನು ಕುದಿಸಿ 400 ಮಿ.ಲೀ.ಗೆ ಇಳಿಸಿರಿ. ಬಿಸಿಯಿರುವಾಗಲೇ 90 ಗ್ರಾಂ ಸಕ್ಕರೆ ಕರಗಿಸಿರಿ. ನಮ್ಮ ತೋಟದ ಕಾಫಿಪುಡಿಯಿಂದ ಇಳಿಸಿದ ಗಟ್ಟಿ ಡಿಕಾಕ್ಷನ್ 150 ಮಿ.ಲೀ., ಒಂದು ಚಿಟಿಕೆ ಏಲಕ್ಕಿ ಪುಡಿ ಸೇರಿಸಿ ಪೂರ್ಣ ಆರಲು ಬಿಡಿರಿ. ಅಚ್ಚಿನ ಬಾಯಿಯವರೆಗೆ ತುಂಬಬಾರದು, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ಒಂದು ಗಂಟೆಯಾದ ಮೇಲೆ ಕಡ್ಡಿ ಚುಚ್ಚಿದರೆ ನೆಟ್ಟಗೆ ನಿಲ್ಲುತ್ತದೆ. ಆರು ಗಂಟೆಯಲ್ಲಿ ಸಿದ್ಧ. ಕಾಫಿ ಕುಡಿಯದ ಮಕ್ಕಳಿಗೆ ಡಿಕಾಕ್ಷನ್ ಬದಲು ಮಾವಿನ ಹಣ್ಣಿನ ತಿರುಳು ಹಾಕಬಹುದು.

ಕರೆಂಟು ಕೈಕೊಟ್ಟರೆ ಕುಲ್ಫಿಯವರ ಉಪಾಯ ಮಾಡಬಹುದು. ಕುಟ್ಟಿದ ಮಂಜುಗಡ್ಡೆ ಮೂರು ಪಾಲಿಗೆ ಕಲ್ಲುಪ್ಪು ಒಂದು ಪಾಲು ಬೆರೆಸಿ, ಮಣ್ಣಿನ ಹರವಿಯಲ್ಲಿ ತುಂಬಿ, ಮುಚ್ಚಳವಿರುವ ಅಚ್ಚುಗಳನ್ನು ಹೂತಿಡಬೇಕು. ಉಪ್ಪು ಸೇರಿದ ಮಂಜುಗಡ್ಡೆ ಕರಗುತ್ತ ಸುತ್ತಲಿನ ಶಾಖವನ್ನೆಲ್ಲ ಹೀರಿಕೊಂಡು ಸೊನ್ನೆಗಿಂತ ಬಹಳ ಕೆಳಗಿಳಿಯುತ್ತದೆ. ಬಾಯಿಗೆ ಗೋಣಿಚೀಲ ಹೊದಿಸಿದರೆ ತಂಪು ಹೆಚ್ಚು ಹೊತ್ತು ನಿಲ್ಲುತ್ತದೆ.

4. ದೊಡ್ಡವರ ಕ್ಯಾಂಡಿ

ಮೇಲಿನದೇ ಕ್ರಮ. ಹಾಲು ಮಾತ್ರ 330 ಮಿ.ಲೀ., ರಮ್ 70 ಮಿ.ಲೀ. ಮಿಶ್ರಣ ಪೂರ್ಣ ತಣ್ಣಗಾದ ಮೇಲೆಯೇ ರಮ್ ಸೇರಿಸತಕ್ಕದ್ದು. ಬಿಸಿಯಲ್ಲಿ ಹಾಕಿದರೆ ಹಾಲು ಒಡೆಯಬಹುದು. ಇದಕ್ಕೆ ಇಡೀ ರಾತ್ರಿ ಬೇಕು. ಫ್ರಿಜ್ಜಿನೊಳಗಿನ ಚಿಕ್ಕ ಐಸ್ ಪೆಟ್ಟಿಗೆಯಲ್ಲಿ ಅಷ್ಟು ಚಳಿ ಇಲ್ಲದಿದ್ದರೆ ಗಟ್ಟಿಯಾಗದೆ ಹೋಗಬಹುದು. ತಟ್ಟೆಗೆ ತೆಗೆದ ಮೇಲೆ ಸಾದಾ ಕ್ಯಾಂಡಿಗಿಂತ ಬೇಗ ಕರಗುತ್ತದೆ.

ಇಂಥ ಒಂದು ಕ್ಯಾಂಡಿಯಲ್ಲಿ ಮದ್ಯಸಾರ 3 ಮಿ.ಲೀ. ಒಂದು ಚಿಕ್ಕ ಪೆಗ್ಗಿನಲ್ಲಿ (30 ಮಿ.ಲೀ.) ಸುಮಾರು 13 ಮಿ.ಲೀ. ಎಂದರೆ ನಾಲ್ಕು ಕ್ಯಾಂಡಿ ತಿಂದವನು ಹೆಚ್ಚುಕಡಿಮೆ ಒಂದು ಪೆಗ್ ಕುಡಿದಂತೆಯೇ. ಸಿಹಿಯೂ ತಂಪೂ ಸೇರಿ ಮದ್ಯದ ಖಾರವನ್ನು ಮುಚ್ಚುವುದರಿಂದ ತಿಂದವನಿಗೆ ಲೆಕ್ಕ ತಪ್ಪುತ್ತದೆ. ಹೆಪ್ಪುಗಟ್ಟಿದರೆ ಅಮಲು ಹೋಗುತ್ತದೆಂಬ ಮಾತು ಸುಳ್ಳು.

5. ಮರೆಯಬಾರದ ಎಚ್ಚರಿಕೆಗಳು

(ಅ) ದೊಡ್ಡವರ ಕ್ಯಾಂಡಿಗೆ ಬೇರೆ ಆಕಾರದ ಅಚ್ಚು, ಬೇರೆ ಬಣ್ಣದ ಕಡ್ಡಿ ಇರಲಿ. ಮುಚ್ಚಳದ ಡಬ್ಬಿಯಲ್ಲಿಟ್ಟು ಮೇಲೆ ಬರೆದಿಡಿರಿ. ಮಕ್ಕಳಿಗೆ ಎರಡೂ ಒಂದೇ ಐಸ್. ಮಕ್ಕಳೇ ಹೆಚ್ಚಿರುವ ದಿನ ಮಾಡದಿರುವುದು ಎಲ್ಲಕ್ಕಿಂತ ಮೇಲು.

(ಆ) ಮಗು ತಿಂದು ಮಂಪರು, ವಾಂತಿ, ಮೈ ತಣ್ಣಗಾಗುವುದು ಕಂಡರೆ ಮನೆಮದ್ದು ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ. ಏನು ತಿಂದಿತೆಂಬುದನ್ನು ವೈದ್ಯರಿಂದ ಮುಚ್ಚಿಡಬೇಡಿರಿ.

(ಇ) ಮದ್ಯ ಬಾಯಾರಿಕೆ ನೀಗುವುದಿಲ್ಲ. ಮೈಯಲ್ಲಿನ ನೀರನ್ನು ಮೂತ್ರವಾಗಿ ಹೊರಹಾಕುತ್ತದೆ. ಬಿಸಿಲಿನಲ್ಲಿ ದಣಿದು ಬಂದವರಿಗೆ ಮೊದಲು ಮಜ್ಜಿಗೆಯೋ ಪಾನಕವೋ ಕೊಡಬೇಕು. ಗರ್ಭಿಣಿಯರಿಗೆ, ಔಷಧ ಸೇವಿಸುವವರಿಗೆ, ವಾಹನ ನಡೆಸುವವರಿಗೆ ಇದು ಸಲ್ಲದು. ಅತಿಥಿಗಳಿಗೆ ಮದ್ಯವಿದೆಯೆಂದು ಹೇಳದೆ ಕೊಡುವುದು ತಮಾಷೆಯಲ್ಲ, ದ್ರೋಹ.

(ಈ) ಚೀಟಿಯಿಲ್ಲದ ಬಾಟಲಿಯ ಮದ್ಯವನ್ನಾಗಲಿ, ಬಣ್ಣದ ಅಂಗಡಿಯ ಸ್ಪಿರಿಟ್ಟನ್ನಾಗಲಿ ಮುಟ್ಟಕೂಡದು. ಅದರಲ್ಲಿ ಮೆಥನಾಲ್ ಇದ್ದರೆ ಕಣ್ಣು ಹೋಗಬಹುದು, ಪ್ರಾಣವೂ ಹೋಗಬಹುದು. ಬಣ್ಣದಿಂದಾಗಲಿ ರುಚಿಯಿಂದಾಗಲಿ ಅದನ್ನು ಗುರುತಿಸಲಾಗದು, ಹೆಪ್ಪುಗಟ್ಟಿಸಿದರೂ ವಿಷ ಕಳೆಯದು. 1981ರಲ್ಲಿ ಬೆಂಗಳೂರಿನಲ್ಲಿ ವಿಷಮದ್ಯದಿಂದ 300ಕ್ಕೂ ಹೆಚ್ಚು ಮಂದಿ ಸತ್ತರು. ರಾಜ್ಯದಲ್ಲಿ ಸಾರಾಯಿ ಮಾರಾಟ 2007ರ ಜುಲೈಯಿಂದ ನಿಂತಿದೆ.

(ಉ) ಮನೆಯಲ್ಲಿ ಭಟ್ಟಿ ಇಳಿಸುವುದೂ, ಪರವಾನಗಿಯಿಲ್ಲದೆ ಮದ್ಯದ ಕ್ಯಾಂಡಿ ಮಾರುವುದೂ 1965ರ ಕರ್ನಾಟಕ ಅಬಕಾರಿ ಕಾಯಿದೆಯಂತೆ ಅಪರಾಧ. ಜಾತ್ರೆಯಲ್ಲಿ ಅಂಗಡಿ ಹಾಕುವವರು ಸಾದಾ ಕಾಫಿ ಕ್ಯಾಂಡಿಯನ್ನೇ ಮಾರಲಿ. ನಮ್ಮ ಕಾಫಿಗೂ ಅಷ್ಟು ಖರ್ಚು ಹೆಚ್ಚುತ್ತದೆ.

ಮನನಕ್ಕೆ

1. ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ಸಾಕೇ? ಏಕೆ?
2. ಉಪ್ಪು ಬೆರೆತ ಮಂಜುಗಡ್ಡೆ ಬರಿಯ ಮಂಜುಗಡ್ಡೆಗಿಂತ ಏಕೆ ತಂಪು?
3. ಒಟ್ಟು 1200 ಮಿ.ಲೀ. ಮಿಶ್ರಣ ಶೇಕಡಾ 5 ಆಗಬೇಕಾದರೆ ಶೇಕಡಾ 12ರ ವೈನ್ ಎಷ್ಟು ಬೇಕು? (ಉತ್ತರ: 500 ಮಿ.ಲೀ.)

ಲಕ್ಷ್ಮೇಶ್ವರದ ಆ ಮನೆಯಲ್ಲಿ ಈಗ ಮಕ್ಕಳ ಕ್ಯಾಂಡಿ ಫ್ರಿಜ್ಜಿನಲ್ಲಿ, ದೊಡ್ಡವರದು ಬೀಗವಿರುವ ಕೋಣೆಯ ಹರವಿಯಲ್ಲಿ. ಬೀಗದ ಕೈ ಅಜ್ಜಿಯ ಸೊಂಟದಲ್ಲಿದೆ. ನಮ್ಮ ಮನೆಗಳಲ್ಲೂ ಇಂಥದೊಂದು ಏರ್ಪಾಡು ಇರಲಿ.